ಹಲಗೆಯಾಚೆಯ ನೆರೆಮನೆ

ಊರಿನಲ್ಲಿ ಪಕ್ಕದ ಮನೆಯವರ ಗದ್ದಲ ಹೆಚ್ಚಾದರೆ ಕಿಟಕಿ ಮುಚ್ಚಿಕೊಳ್ಳಬಹುದು, ಜಗುಲಿಗೆ ಬಂದು ಕೂರಬಹುದು, ತೀರಾ ಸಹಿಸಲಾಗದಿದ್ದರೆ ಬೇರೆ ಮನೆಯನ್ನೇ ಹುಡುಕಬಹುದು. ಹಡಗಿನಲ್ಲಿ ಈ ಯಾವ ಉಪಾಯವೂ ನಡೆಯದು. ಸುತ್ತಲೂ ನೀರು, ತೆಳ್ಳನೆಯ ಗೋಡೆಯ ಈಚೆ ಒಂದು ಹಾಸಿಗೆ, ಆಚೆ ಇನ್ನೊಂದು. ಆಚೆಯವರ ಗೊರಕೆ, ಜಗಳ, ನಡುರಾತ್ರಿಯ ಹಾಡು, ಬಾಗಿಲು ಬಡಿಯುವ ಸದ್ದು ಎಲ್ಲವೂ ಈಚೆಯವರ ಪಾಲಿಗೂ ಬರುತ್ತವೆ. ವಿಹಾರಕ್ಕೆಂದೇ ಸಾವಿರಾರು ಜನರನ್ನು ಹೊತ್ತು ಸಾಗುವ ಇಂದಿನ ಕ್ರೂಸ್ ಹಡಗುಗಳಲ್ಲಿ ಪಕ್ಕದ ಕ್ಯಾಬಿನ್ನಿನ ಗಲಾಟೆ ಪದೇ ಪದೇ ಕೇಳಿಬರುವ ದೂರು.

ದೂರು ಮಾತ್ರ ಹೊಸದಲ್ಲ. ಮನುಷ್ಯ ದುಡ್ಡು ಕೊಟ್ಟು ಸಮುದ್ರಯಾನ ಮಾಡತೊಡಗಿದಂದಿನಿಂದ ಅದು ಇದೆ. ಹಡಗಿನ ಗೋಡೆಗಳ ಚರಿತ್ರೆಯನ್ನು ನೋಡುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಡಲ ಮೇಲೆ ನಿಶ್ಶಬ್ದವೆಂಬುದು ಎಂದೂ ಪುಕ್ಕಟೆಯಾಗಿ ಸಿಗಲಿಲ್ಲ. ಅದು ಬೆಲೆ ಕಟ್ಟಿ ಮಾರುವ ಸರಕಾಗಿತ್ತು. ಆ ಬೆಲೆಯನ್ನು ತೆರಲಾಗದವರು ಸದ್ದಿನ ನಡುವೆಯೇ ಬಾಳುವ ಬೇರೆ ದಾರಿಗಳನ್ನು ಕಂಡುಕೊಳ್ಳಬೇಕಾಯಿತು.

ಬಟ್ಟೆಯ ಗೋಡೆಗಳು

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಾಯಿಹಡಗುಗಳು ಮೂಲತಃ ಸರಕಿನ ಹಡಗುಗಳು. ಪ್ರಯಾಣಿಕರು ಹಡಗಿನ ಕಪ್ತಾನನಿಂದಲೋ ಅಧಿಕಾರಿಗಳಿಂದಲೋ ಒಂದಿಷ್ಟು ಜಾಗವನ್ನು ಕೊಂಡು, ಮಂಚ, ಕುರ್ಚಿ, ಮುಖ ತೊಳೆಯುವ ಬೋಗುಣಿ ಎಲ್ಲವನ್ನೂ ತಾವೇ ತಂದು ಇರಿಸಿಕೊಳ್ಳಬೇಕಿತ್ತು. ಕೋಣೆಗಳ ನಡುವಿನ ಗೋಡೆ ಎಂದರೆ ಹಲವು ಕಡೆ ದಪ್ಪ ಹಾಯಿಬಟ್ಟೆಯ ಪರದೆ. ಅನುಕೂಲವಿದ್ದವರಿಗೆ ಹಲಗೆಯ ತಡಿಕೆ. ಬಟ್ಟೆಯ ಗೋಡೆಗೆ ಕಾರಣವೂ ಇತ್ತು. ಅವು ಫಿರಂಗಿಗಳನ್ನು ಹೊತ್ತ ಹಡಗುಗಳು. ಶತ್ರುವಿನ ಹಡಗು ಕಂಡರೆ ಫಿರಂಗಿಗಳಿಗೆ ಎಡೆಮಾಡಿಕೊಡಲು ಕೋಣೆಗಳನ್ನು ಕ್ಷಣಗಳಲ್ಲಿ ಕಿತ್ತು ಬದಿಗಿಡಬೇಕಿತ್ತು. ನಾಲ್ಕಾರು ತಿಂಗಳು ಹಿಡಿಯುತ್ತಿದ್ದ ಆ ಪಯಣದಲ್ಲಿ ಪರದೆಯಾಚೆಯ ಪಿಸುಮಾತೂ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಇಂಡಿಯಾಕ್ಕೆ ಹೊರಟವರಿಗಾಗಿ ಕೈಪಿಡಿಗಳು ಹುಟ್ಟಿಕೊಂಡದ್ದು ಇದೇ ಕಾಲದಲ್ಲಿ. ಬಂಗಾಳದ ಸೈನ್ಯದಲ್ಲಿದ್ದ ಥಾಮಸ್ ವಿಲಿಯಮ್ಸನ್ 1810ರಲ್ಲಿ ಪ್ರಕಟಿಸಿದ ‘ಈಸ್ಟ್ ಇಂಡಿಯಾ ವೇಡ್ ಮೆಕಮ್’ ಅಂಥದ್ದೊಂದು. ಯಾವ ಕೋಣೆಯನ್ನು ಆರಿಸಿಕೊಳ್ಳಬೇಕೆಂಬುದು ಇಂಥ ಪುಸ್ತಕಗಳ ಮುಖ್ಯ ಚರ್ಚೆಗಳಲ್ಲಿ ಒಂದು. ಹಡಗಿನ ಹಿಂಭಾಗದ ಮೇಲಿನ ಅಂತಸ್ತಿನ ಕೋಣೆಗಳಿಗೆ ಗಾಳಿ ಬೆಳಕು ಚೆನ್ನಾಗಿದ್ದವು. ಆದರೆ ಅವುಗಳ ನೆತ್ತಿಯ ಮೇಲೆಯೇ ನಾವಿಕರ ಓಡಾಟ, ಹಗ್ಗ ಎಳೆಯುವ ಸದ್ದು, ಊಟಕ್ಕೆಂದು ತಂದ ಕೋಳಿಗಳ ಗೂಡು. ಕೆಳಗಿನ ಅಂತಸ್ತಿನಲ್ಲಿ ಈ ತುಳಿತದ ಕಾಟ ಕಡಿಮೆ, ಆದರೆ ಚುಕ್ಕಾಣಿಯ ಕಿರುಗುಟ್ಟುವಿಕೆ ಹತ್ತಿರ. ಹೀಗೆ ಪ್ರಯಾಣಿಕನು ಆರಿಸಿಕೊಳ್ಳಬೇಕಾದದ್ದು ತನಗೆ ಯಾವ ಸದ್ದು ಸಹ್ಯ ಎಂಬುದನ್ನು.

ಕಂಪನಿಯ ಹಡಗುಗಳಲ್ಲಿ ಕೆಳ ಅಂತಸ್ತಿನ ದೀಪಗಳನ್ನು ರಾತ್ರಿ 9 ಗಂಟೆಗೆ, ಕ್ಯಾಬಿನ್‌ಗಳ ದೀಪಗಳನ್ನು 10 ಗಂಟೆಗೆ ಆರಿಸಬೇಕೆಂಬ ಕಟ್ಟಳೆ ಇತ್ತು. ಮರದ ಹಡಗಿಗೆ ಬೆಂಕಿ ಬಿದ್ದೀತೆಂಬ ಭಯವೇ ಇದಕ್ಕೆ ಮೂಲ. ಕತ್ತಲಾದ ಮೇಲೆ ಇಸ್ಪೀಟಿನ ಆಟ ನಿಲ್ಲುತ್ತದೆ, ಹರಟೆ ಅಡಗುತ್ತದೆ. ಬೆಂಕಿಗೆ ಹೆದರಿ ಮಾಡಿದ ನಿಯಮ ನೆರೆಯವರ ನಿದ್ದೆಗೂ ಒದಗಿತು.

ಯಂತ್ರ ಬಂದ ಮೇಲೆ

1842ರ ಜನವರಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಪತ್ನಿಯೊಂದಿಗೆ ಲಿವರ್‌ಪೂಲಿನಿಂದ ಅಮೆರಿಕದ ಬಾಸ್ಟನ್ನಿಗೆ ಹೊರಟದ್ದು ಕುನಾರ್ಡ್ ಕಂಪನಿಯ ‘ಬ್ರಿಟಾನಿಯಾ’ ಎಂಬ ಉಗಿಹಡಗಿನಲ್ಲಿ. ಅದೇ ವರ್ಷ ಪ್ರಕಟವಾದ ‘ಅಮೆರಿಕನ್ ನೋಟ್ಸ್’ ಪುಸ್ತಕದಲ್ಲಿ ಅವನು ತನ್ನ ಪುಟ್ಟ ಕೋಣೆಯನ್ನು ಮನಸಾರೆ ಗೇಲಿ ಮಾಡಿದ್ದಾನೆ. ಜಾಹೀರಾತಿನ ಚಿತ್ರದಲ್ಲಿ ವಿಶಾಲವಾಗಿ ಕಂಡದ್ದು ಕಣ್ಣೆದುರಿಗೆ ಗೂಡಿನಂತಿತ್ತು. ಬಿರುಗಾಳಿಯ ರಾತ್ರಿಗಳಲ್ಲಿ ಮರದ ಹಡಗಿನ ಕಿರುಗುಟ್ಟುವಿಕೆ, ಒಡೆಯುವ ಪಾತ್ರೆಗಳು, ಹೆದರಿದ ಸಹಪ್ರಯಾಣಿಕರು ಇವೆಲ್ಲ ಆ ಪುಸ್ತಕದಲ್ಲಿವೆ. ವಾಪಸಾಗುವಾಗ ಅವನು ಉಗಿಹಡಗನ್ನು ಬಿಟ್ಟು ಹಾಯಿಹಡಗನ್ನೇ ಹಿಡಿದ.

ಹಾಯಿಹಡಗಿನ ಕಾಲದಿಂದಲೂ ಮೇಲ್ದರ್ಜೆಯವರ ಕೋಣೆಗಳು ಹಿಂಭಾಗದಲ್ಲಿರುವುದು ವಾಡಿಕೆಯಾಗಿತ್ತು. ಉಗಿಯಂತ್ರಕ್ಕೆ ತಿರುಪುಚಕ್ರ, ಅಂದರೆ ಪ್ರೊಪೆಲ್ಲರ್, ಜೊತೆಯಾದ ಮೇಲೆ ಇದೇ ಹಿಂಭಾಗ ಹಡಗಿನ ಅತ್ಯಂತ ಗದ್ದಲದ ಜಾಗವಾಯಿತು. ಹೆಚ್ಚು ಹಣ ತೆತ್ತವರೇ ಹೆಚ್ಚು ನಡುಕ, ಹೆಚ್ಚು ಸದ್ದು ಅನುಭವಿಸುವ ವಿಚಿತ್ರ ಪರಿಸ್ಥಿತಿ. 1871ರಲ್ಲಿ ವೈಟ್ ಸ್ಟಾರ್ ಕಂಪನಿಯ ‘ಓಷಿಯಾನಿಕ್’ ಹಡಗು ಈ ಪದ್ಧತಿಯನ್ನು ಬದಲಿಸಿತು. ಮೊದಲ ದರ್ಜೆಯ ಕೋಣೆಗಳನ್ನು ಅಲುಗಾಟವೂ ಸದ್ದೂ ಕಡಿಮೆಯಿರುವ ನಡುಭಾಗಕ್ಕೆ ತಂದಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಅಲ್ಲಿಂದ ಮುಂದೆ ಹಡಗಿನ ನಕಾಶೆಯೇ ಅಂತಸ್ತಿನ ನಕಾಶೆಯೂ ಆಯಿತು. ನಡುವೆ ಉಳ್ಳವರು, ಪ್ರೊಪೆಲ್ಲರಿನ ಬಳಿ, ಲಂಗರಿನ ಸರಪಳಿಯ ಬಳಿ, ನೀರಿನ ಮಟ್ಟದ ಕೆಳಗೆ ಇಲ್ಲದವರು. ಕಡಿಮೆ ದರದ ವಿಭಾಗಕ್ಕೆ ‘ಸ್ಟೀರೇಜ್’ ಎಂಬ ಹೆಸರು ಬಂದದ್ದೂ ಅದು ಚುಕ್ಕಾಣಿಯ ಸಲಕರಣೆಗಳ ಹತ್ತಿರವಿದ್ದ ಕಾರಣದಿಂದ.

ಆ ವಿಭಾಗದ ಜನದಟ್ಟಣೆಯನ್ನು ಹತೋಟಿಯಲ್ಲಿಡಲು ಸರ್ಕಾರಗಳೇ ಮುಂದಾಗಬೇಕಾಯಿತು. ಬ್ರಿಟನ್ 1803ರಲ್ಲಿ, ಅಮೆರಿಕ 1819ರಲ್ಲಿ ಹಡಗಿನ ಗಾತ್ರಕ್ಕೆ ತಕ್ಕಂತೆ ಪ್ರಯಾಣಿಕರ ಸಂಖ್ಯೆಗೆ ಮಿತಿ ಹಾಕಿದವು. 1840ರ ದಶಕದ ಕೊನೆಯಲ್ಲಿ ಬ್ರಿಟನ್ ವಲಸೆ ಹಡಗುಗಳಿಗೆ ವಿಧಿಸಿದ ನಿಯಮಗಳ ಪ್ರಕಾರ ಎಲ್ಲರೂ ಬೆಳಿಗ್ಗೆ 7 ಗಂಟೆಗೆ ಏಳಬೇಕು, ರಾತ್ರಿ 10ಕ್ಕೆ ಹಾಸಿಗೆ ಸೇರಬೇಕು; ಜೂಜು, ಬೈಗುಳ, ಹೊಡೆದಾಟ ಕೂಡದು. 1852ರ ಕಾಯ್ದೆ ಹದಿಹರೆಯ ಮುಟ್ಟಿದ ಒಂಟಿ ಗಂಡಸರನ್ನು ಅಡ್ಡಗೋಡೆಯಾಚೆ ಬೇರೆಯಾಗಿ ಇರಿಸಬೇಕೆಂದಿತು. ಗದ್ದಲ ಮಾಡುವ ನೆರೆಯವರ ಸಮಸ್ಯೆ ಹೀಗೆ ಶಾಸನದ ವಿಷಯವೂ ಆಯಿತು.

ಎರಡು ಗಿನಿಯ ಗೋಡೆ

ಗೋಡೆಯಾಚೆಯ ಸದ್ದನ್ನು ಬಹಳ ಪ್ರಾಮಾಣಿಕವಾಗಿ ದಾಖಲಿಸಿದವರಲ್ಲಿ ಒಬ್ಬ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. 1879ರ ಆಗಸ್ಟ್‌ನಲ್ಲಿ ಅವನು ಸ್ಕಾಟ್ಲೆಂಡಿನಿಂದ ನ್ಯೂಯಾರ್ಕಿಗೆ ‘ಡಿವೋನಿಯಾ’ ಎಂಬ ವಲಸೆಗಾರರ ಹಡಗಿನಲ್ಲಿ ಹೋದ. ಸ್ಟೀರೇಜಿಗೆ 6 ಗಿನಿ, ಎರಡನೆಯ ಕ್ಯಾಬಿನ್ನಿಗೆ 8 ಗಿನಿ ದರ. ಬರೆಯಲು ಮೇಜು ಬೇಕೆಂಬ ಕಾರಣಕ್ಕೆ ಸ್ಟೀವನ್‌ಸನ್ ಎರಡು ಗಿನಿ ಹೆಚ್ಚು ಕೊಟ್ಟ. ಅದಕ್ಕೆ ಹಾಸಿಗೆ ಸಿಕ್ಕಿತು, ತಟ್ಟೆ ಲೋಟ ಸಿಕ್ಕಿತು, ಮೇಜೂ ಸಿಕ್ಕಿತು. ಮೌನ ಮಾತ್ರ ಸಿಗಲಿಲ್ಲ. ಅವನ ಕ್ಯಾಬಿನ್ ಸ್ಟೀರೇಜಿನ ನಟ್ಟನಡುವೆಯೇ ಇತ್ತು. ತೆಳುವಾದ ತಡಿಕೆಯ ಮೂಲಕ ಅಸ್ವಸ್ಥರ ನರಳಾಟ, ಊಟದ ತಗಡಿನ ಪಾತ್ರೆಗಳ ಸದ್ದು, ಹೆದರಿದ ಮಕ್ಕಳ ಅಳು, ಅವಕ್ಕೆ ಬೀಳುವ ಪೆಟ್ಟು ಎಲ್ಲವೂ ಕೇಳುತ್ತಿದ್ದವು.

ಅವನು ದೂರು ಕೊಡುವ ಬದಲು ತಡಿಕೆಯ ಆಚೆ ಹೋದ. ಅಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟು ಹೊರಟವರನ್ನು ಕಂಡ, ಅವರ ಪಿಟೀಲು ಕೇಳಿದ, ಹಾಡುಗಳಿಗೆ ಕಿವಿಗೊಟ್ಟ. ಈಚೆ ಮಲಗಿದ್ದಾಗ ಬರಿಯ ಸದ್ದಾಗಿದ್ದದ್ದು ಆಚೆ ಹೋದಾಗ ಮನುಷ್ಯರ ಕತೆಯಾಯಿತು. ಹಡಗಿನ ಬದುಕನ್ನು ಇಷ್ಟು ನೇರವಾಗಿ ಹೇಳಿದ ಹಸ್ತಪ್ರತಿಯ ಪ್ರಕಟಣೆಯನ್ನು ಆಗ ತಡೆಯಲಾಯಿತು. ಅದು ‘ದಿ ಅಮೆಚೂರ್ ಎಮಿಗ್ರಂಟ್’ ಆಗಿ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1895ರಲ್ಲಿ.

ಅದೇ 1879ರಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿ, ‘ಲಿಯೊನಿಡಾಸ್’ ಎಂಬ ಹಡಗು ಕಲ್ಕತ್ತೆಯಿಂದ ಹೊರಟು ಮೇ 14ರಂದು ಫಿಜಿ ದ್ವೀಪಗಳನ್ನು ತಲುಪಿತು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಭಾರತೀಯ ಕೂಲಿಕಾರರ ಮೊದಲ ತಂಡ ಅದರಲ್ಲಿತ್ತು. ಇಂಥ ಹಡಗುಗಳಲ್ಲಿ ಒಂಟಿ ಗಂಡಸರು, ಸಂಸಾರಸ್ಥರು, ಒಂಟಿ ಹೆಂಗಸರು ಎಂಬ ಮೂರು ಭಾಗಗಳನ್ನು ಬಿಟ್ಟರೆ ಕೋಣೆ, ಗೋಡೆ ಎಂಬುದೇ ಇರಲಿಲ್ಲ. ಬೇರೆ ಬೇರೆ ಜಾತಿ, ಊರು, ಭಾಷೆಯವರು ಪಕ್ಕಪಕ್ಕದಲ್ಲಿ ಮಲಗಿದರು; ಕಾಯಿಲೆ, ಹೆರಿಗೆ, ಸಾವು ಎಲ್ಲವೂ ಎಲ್ಲರ ಕಿವಿಗೆ ಬಿದ್ದವು. ಬಲವಂತದಿಂದಲೋ ಮೋಸದಿಂದಲೋ ಬಂದವರೂ ಅವರಲ್ಲಿದ್ದರು. ಆ ಸಂಕಟವನ್ನು ರಮ್ಯಗೊಳಿಸಲಾಗದು. ಆದರೂ ಅದೇ ಹಲಗೆಗಳ ಮೇಲೆ ‘ಜಹಾಜಿ ಭಾಯಿ’ ಎಂಬ ಹೊಸ ನಂಟು ಹುಟ್ಟಿತು. ಒಂದೇ ಹಡಗಿನಲ್ಲಿ ಬಂದವರು ಅಣ್ಣತಮ್ಮಂದಿರು, ಅಕ್ಕತಂಗಿಯರು. ಟ್ರಿನಿಡಾಡ್, ಗಯಾನಾ, ಸುರಿನಾಮ್, ಫಿಜಿಗಳಲ್ಲಿ ಈ ನಂಟು ತಲೆಮಾರುಗಳವರೆಗೆ ಉಳಿಯಿತು.

ನಮ್ಮ ಕರಾವಳಿಯವರಿಗೂ ಗೋಡೆಯಿಲ್ಲದ ಪ್ರಯಾಣ ಅಪರಿಚಿತವಲ್ಲ. ಮಳೆಗಾಲ ಮುಗಿದೊಡನೆ ಮಂಗಳೂರು, ಕಾರವಾರ ಮೊದಲಾದ ಬಂದರುಗಳಿಂದ ಆಗಬೋಟುಗಳಲ್ಲಿ ಮುಂಬಯಿಗೆ ಹೊಟ್ಟೆಪಾಡಿಗೆ ಹೊರಟವರಲ್ಲಿ ಹೆಚ್ಚಿನವರು ಡೆಕ್ಕಿನ ಪ್ರಯಾಣಿಕರು. ಚಾಪೆ ಬಿಡಿಸಿದಷ್ಟೇ ಅವರ ಜಾಗ.

ಉಳ್ಳವರ ಕ್ಯಾಬಿನ್‌ಗಳಲ್ಲೂ ಅಪರಿಚಿತರು ಒಂದೇ ಕೋಣೆ ಹಂಚಿಕೊಳ್ಳುವುದು ಮಾಮೂಲಾಗಿತ್ತು. 1888ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಗೆ ಸಿಕ್ಕಿದ್ದು ಜುನಾಗಢದ ವಕೀಲ ತ್ರ್ಯಂಬಕರಾಯ ಮಜುಮ್‌ದಾರರ ಕ್ಯಾಬಿನ್ನಿನಲ್ಲಿ ಒಂದು ಹಾಸಿಗೆ. ಸಂಕೋಚದ ಹುಡುಗ ಊಟಕ್ಕೂ ಹೊರಬಾರದೆ ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದುಕೊಂಡು ಕೋಣೆಯಲ್ಲೇ ಉಳಿದ. ಎಲ್ಲರೊಡನೆ ಬೆರೆಯುವಂತೆ, ಧೈರ್ಯವಾಗಿ ಮಾತಾಡುವಂತೆ ಹುರಿದುಂಬಿಸಿದವರು ಮಜುಮ್‌ದಾರರು. ಮಿತಿಮೀರಿ ಮೌನಿಯಾದ ನೆರೆಯವನೂ ಹಡಗಿನಲ್ಲಿ ಒಂದು ಚಿಂತೆಯೇ!

ಡೆಸಿಬೆಲ್‌ಗಳ ಕಾಲ

1950ರ ದಶಕದ ಕೊನೆಗೆ ವಿಮಾನಗಳು ಅಟ್ಲಾಂಟಿಕ್ ದಾಟುವವರನ್ನು ಹಡಗುಗಳಿಂದ ಕಸಿದುಕೊಂಡವು. ಊರು ತಲುಪಿಸುವ ಕೆಲಸ ಕಳೆದುಕೊಂಡ ಹಡಗು ವಿಹಾರದ ತಾಣವಾಯಿತು. 1966ರಲ್ಲಿ ಮಯಾಮಿಯಿಂದ ಆರಂಭವಾದ ‘ಸನ್‌ವರ್ಡ್’ ಹಡಗಿನ ಯಾನಗಳು ಇಂದಿನ ಕ್ರೂಸ್ ಉದ್ಯಮಕ್ಕೆ ನಾಂದಿ ಹಾಡಿದವು. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ನಲ್ಲಿ 20 ಡೆಕ್‌ಗಳು, 2,805 ಕ್ಯಾಬಿನ್‌ಗಳು. ಒಂದು ಪಟ್ಟಣದಷ್ಟು ಜನ. ಆದರೆ ಪಟ್ಟಣದ ಗೋಡೆಗಳಿಲ್ಲ.

ಇದಕ್ಕೆ ಕಾರಣ ತೂಕ. ನೆಲದ ಮೇಲೆ ಸದ್ದು ತಡೆಯಲು ಇಟ್ಟಿಗೆಯ ದಪ್ಪ ಗೋಡೆ ಕಟ್ಟಬಹುದು. ಹಡಗಿನಲ್ಲಿ ಮೇಲಿನ ಅಂತಸ್ತುಗಳು ಭಾರವಾದಷ್ಟೂ ಅದರ ಸಮತೋಲನಕ್ಕೆ ಕುಂದು, ಇಂಧನದ ಖರ್ಚೂ ಹೆಚ್ಚು. ಆದ್ದರಿಂದ ಕ್ಯಾಬಿನ್‌ಗಳು ಈಗ ಕಾರ್ಖಾನೆಯಲ್ಲೇ ಪೆಟ್ಟಿಗೆಗಳಂತೆ ಸಿದ್ಧವಾಗಿ ಬಂದು ಹಡಗಿನೊಳಗೆ ಸೇರುತ್ತವೆ. ತೆಳು ಉಕ್ಕಿನ ಹಾಳೆಗಳ ನಡುವೆ ಖನಿಜದ ನಾರು ತುಂಬಿದ ಗೋಡೆಗಳು ಬೆಂಕಿಯನ್ನು ತಡೆಯುತ್ತವೆ, ಮಾತನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಸಂಗೀತದ ತಗ್ಗುಸ್ವರದ ಗುದ್ದು, ಬಾಗಿಲಿನ ಬಡಿತ, ಕುರ್ಚಿ ಎಳೆಯುವ ಸದ್ದುಗಳು ಮಾತ್ರ ಉಕ್ಕಿನ ಚೌಕಟ್ಟಿನ ಮೂಲಕ ದೂರದವರೆಗೂ ಹರಿಯುತ್ತವೆ.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2012ರಲ್ಲಿ ಅಂಗೀಕರಿಸಿ 2014ರ ಜುಲೈ 1ರಿಂದ ಕಡ್ಡಾಯಗೊಳಿಸಿದ ಶಬ್ದಮಿತಿ ಸಂಹಿತೆಯ ಪ್ರಕಾರ ಒಂದು ಕ್ಯಾಬಿನ್ನಿನಿಂದ ಇನ್ನೊಂದಕ್ಕೆ ಹೋಗುವ ಸದ್ದನ್ನು ಗೋಡೆ ಕನಿಷ್ಠ 35 ಡೆಸಿಬೆಲ್‌ನಷ್ಟು ತಗ್ಗಿಸುವಂತಿರಬೇಕು. ನಡುವೆ ಬಾಗಿಲಿದ್ದರೆ 30 ಸಾಕು. ಸಾಮಾನ್ಯ ಮಾತುಕತೆಯ ಮಟ್ಟ ಸುಮಾರು 60 ಡೆಸಿಬೆಲ್. ಅಂದರೆ ಅದು ಆಚೆ ಗುಸುಗುಸುವಾಗಿ ಕೇಳಬಹುದು, ಕೂಗಾಟವಾದರೆ ಮಾತುಗಳೇ ಕೇಳಬಹುದು. ಸ್ವಾರಸ್ಯದ ಸಂಗತಿ ಎಂದರೆ ಈ ಸಂಹಿತೆ ರೂಪುಗೊಂಡದ್ದು ನಾವಿಕರಿಗಾಗಿ, ಪ್ರಯಾಣಿಕರ ಕೋಣೆಗಳಿಗಾಗಿ ಅಲ್ಲ. ಪ್ರಯಾಣಿಕರ ನೆಮ್ಮದಿಗೆ ಹಡಗುಗಳನ್ನು ಪರೀಕ್ಷಿಸುವ ಸಂಸ್ಥೆಗಳು ಬೇರೆಯಾಗಿ ದರ್ಜೆಗಳನ್ನು ಇಟ್ಟಿವೆ. ಅವು ಐಚ್ಛಿಕ.

ಮಧ್ಯಸ್ಥನೆಂಬ ಮದ್ದು

ಹಾಗಾದರೆ ಗದ್ದಲದ ನೆರೆಯವರಿಗೆ ಮದ್ದೇನು? ವಿಲಿಯಮ್ಸನ್ ಕಾಲದ ಬುದ್ಧಿಮಾತು ಇಂದಿಗೂ ಹಳತಾಗಿಲ್ಲ. ಟಿಕೆಟು ಕೊಳ್ಳುವ ಮುನ್ನ ಹಡಗಿನ ನಕಾಶೆಯಲ್ಲಿ ಪಕ್ಕದ ಕೋಣೆಯನ್ನಷ್ಟೇ ಅಲ್ಲ, ಮೇಲೆ ಕೆಳಗೆ ಏನಿದೆ ಎಂಬುದನ್ನೂ ನೋಡಬೇಕು. ಅಂದಿನ ಕೋಳಿಗೂಡಿನ ಜಾಗದಲ್ಲಿ ಇಂದು ಈಜುಕೊಳ, ನಾಟ್ಯಶಾಲೆ, ಅಡುಗೆಮನೆ ಇರಬಹುದು. ಎರಡು ಕ್ಯಾಬಿನ್‌ಗಳ ನಡುವೆ ಬಾಗಿಲಿದ್ದರೆ ಸದ್ದು ಹೆಚ್ಚು ಎಂಬುದನ್ನು ಸಂಹಿತೆಯೇ ಒಪ್ಪಿಕೊಂಡಿದೆ.

ಗದ್ದಲ ಎದುರಾದ ಮೇಲೆ ನೇರ ಜಗಳಕ್ಕಿಳಿಯದೆ ಮಧ್ಯಸ್ಥನೊಬ್ಬನ ಮೂಲಕ ಹೇಳಿಸುವುದು ಹಡಗಿನ ಹಳೆಯ ಸಂಪ್ರದಾಯ. ಇಬ್ಬರೂ ಮರುದಿನ ಅದೇ ಓಣಿಯಲ್ಲಿ ಓಡಾಡಬೇಕು, ಅದೇ ಭೋಜನಶಾಲೆಯಲ್ಲಿ ಕೂರಬೇಕು. ಮೊದಲು ಕ್ಯಾಬಿನ್ನಿನ ಪರಿಚಾರಕ, ಅನಂತರ ಅತಿಥಿಗಳ ಕಚೇರಿ, ಅಗತ್ಯವಾದರೆ ಭದ್ರತಾ ಸಿಬ್ಬಂದಿ. ಕೊನೆಯ ಮಾತು ಕಪ್ತಾನನದು. ಹದ್ದುಮೀರಿದವರನ್ನು ಮುಂದಿನ ಬಂದರಿನಲ್ಲಿ ಇಳಿಸುವ ಅಧಿಕಾರವನ್ನು ಟಿಕೆಟ್ಟಿನ ಕರಾರು ಸಾಮಾನ್ಯವಾಗಿ ಅವನಿಗೆ ಕೊಟ್ಟಿರುತ್ತದೆ. ಹಲವು ಹಡಗುಗಳಲ್ಲಿ ನಿಶ್ಶಬ್ದದ ವೇಳೆ ಆರಂಭವಾಗುವುದು ರಾತ್ರಿ 10 ಗಂಟೆಗೆ. ಹಾಯಿಹಡಗಿನ ಕಾಲದ ಗಡಿಯಾರ ಇನ್ನೂ ನಿಂತಿಲ್ಲ.

ನಡುರಾತ್ರಿ ಕರೆ ಬಂದಾಗ ಬಾಗಿಲು ತಟ್ಟಿ, ನಗುಮುಖದಿಂದ ‘ಸ್ವಲ್ಪ ಮೆಲ್ಲಗೆ’ ಎಂದು ಬೇಡಿಕೊಳ್ಳುವವನು ಹಡಗಿನ ನೌಕರ. ಕಡಲ ಕಾರ್ಮಿಕರ ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದ ಪ್ರತಿಯೊಬ್ಬ ನಾವಿಕನಿಗೂ ಪ್ರತ್ಯೇಕ ಕೋಣೆ ಇರಬೇಕೆನ್ನುತ್ತದೆ. ಪ್ರಯಾಣಿಕರ ಹಡಗುಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ಹೀಗಾಗಿ ಅತಿಥಿಗಳ ನಿದ್ದೆಯನ್ನು ಕಾಯುವ ಆ ಪರಿಚಾರಕ ಕೆಲಸ ಮುಗಿಸಿ ಇಳಿದು ಹೋಗುವುದು ಕೆಳಗಿನ ಡೆಕ್ಕಿನ ಹಂಚಿಕೆಯ ಕೋಣೆಗೆ. ಅಲ್ಲಿ ಅವನ ಮೇಲಿನ ಹಾಸಿಗೆಯವನು ಗೊರಕೆ ಹೊಡೆಯುತ್ತಿರುತ್ತಾನೆ. ಅವನನ್ನು ಎಬ್ಬಿಸದಂತೆ ಇವನು ಕತ್ತಲಲ್ಲೇ ಬಟ್ಟೆ ಬದಲಿಸಿ ಮಲಗುತ್ತಾನೆ.