ಸೊರೊರಿಟಿ ಸೀಟಿನ ಲೆಕ್ಕ ಹೀಗಿದೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವ ವಿದ್ಯಾರ್ಥಿನಿಯರ ಸಂಘಗಳೇ ಸೊರೊರಿಟಿ. ಕ್ಯಾಂಪಸ್ಸಿನ ಶಾಖೆಗೆ ಚಾಪ್ಟರ್ ಅಂತಾರೆ. ಇಲ್ಲಿ ಸದಸ್ಯರ ಆಯ್ಕೆ ನಡೆಯೋದು ಎರಡು ಸಂಖ್ಯೆಗಳ ಮೇಲೆ.

ಮೊದಲನೆಯದು ‘ಕೋಟಾ’. ನಮ್ಮ ಮೀಸಲಾತಿ ಅಲ್ಲ. ಕೊನೆಯ ಸುತ್ತಿಗೆ 1,000 ಹುಡುಗಿಯರು, 10 ಚಾಪ್ಟರ್ ಉಳಿದರೆ ಒಂದೊಂದಕ್ಕೆ ಸುಮಾರು 100 ಹೊಸಬರು. ಎರಡನೆಯದು ‘ಟೋಟಲ್’: ಹಳಬರೂ ಸೇರಿ ಚಾಪ್ಟರಿನ ಒಟ್ಟು ಮಿತಿ. ಅದಕ್ಕಿಂತ ಕಡಿಮೆ ಇರುವ ಚಾಪ್ಟರ್ ಆಮೇಲೂ ಸದಸ್ಯರನ್ನು ಸೇರಿಸಿಕೊಳ್ಳಬಹುದು.

ಬೇಡಿಕೆ ಹೆಚ್ಚಿರುವ ಚಾಪ್ಟರ್‌ಗಳು ಆರಂಭದ ಸುತ್ತುಗಳಲ್ಲೇ ಹೆಚ್ಚು ಜನರನ್ನು ಕೈಬಿಡಬೇಕು. ಕೊನೆಗೆ ಎರಡೂ ಕಡೆಯ ಆದ್ಯತಾ ಪಟ್ಟಿ ಹೊಂದಿಸಿ ಹಂಚಿಕೆ ಮಾಡುತ್ತಾರೆ. ಸಿಇಟಿ ಆಪ್ಷನ್ ಎಂಟ್ರಿ ಮಾಡಿದ ನನಗೆ ಇದು ಪರಿಚಿತ ಅನ್ನಿಸುತ್ತೆ. ಆದರೆ ಸಿಇಟಿ ರ‍್ಯಾಂಕಿಗೆ ಪರೀಕ್ಷೆಯ ಆಧಾರವಿದೆ. ಇಲ್ಲಿ ಚಾಪ್ಟರಿನ ಪಟ್ಟಿ ಒಳಗಿನವರ ಗುಟ್ಟು.

2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ‘ದಿ ಕ್ರಿಮ್ಸನ್ ವೈಟ್’ ಆ ಗುಟ್ಟನ್ನು ಹೊರಗೆಳೆಯಿತು. ಕಪ್ಪು ವಿದ್ಯಾರ್ಥಿನಿಯ ಆಯ್ಕೆಯನ್ನು ಪದವಿ ಮುಗಿಸಿದ ಹಳೇ ಸದಸ್ಯೆಯರು ತಡೆದರೆಂದು ಚಾಪ್ಟರಿನವರೇ ಹೇಳಿದ್ದರು. ವಿಶ್ವವಿದ್ಯಾಲಯ ಟೋಟಲನ್ನು 360ಕ್ಕೆ ಏರಿಸಿ, ಮತ್ತೆ ಸೇರ್ಪಡೆಗೆ ಅವಕಾಶ ಕೊಟ್ಟಿತು.

ಚಾಪ್ಟರ್‌ಗಳ ಗಾತ್ರ ಸಮವಾಗಿರಲಿ ಅನ್ನೋದಷ್ಟೇ ಈ ಲೆಕ್ಕದ ಕಾಳಜಿ. ಯಾರನ್ನು, ಯಾಕೆ ಬಿಟ್ಟಿರಿ ಅಂತ ವಿದ್ಯಾರ್ಥಿ ಪತ್ರಕರ್ತರೇ ಕೇಳಬೇಕಾಯ್ತು.