ಚಿತ್ರದಲ್ಲಿ ಗೋಳ ಯಾವಾಗಲೂ ವೃತ್ತವೇ ಆಗಿರಬೇಕೇ? ಇಲ್ಲಿದೆ ಸತ್ಯಾಂಶ

ಮದುವೆಯ ಗ್ರೂಪ್ ಫೋಟೋ ವಾಟ್ಸ್ಆ್ಯಪ್‌ಗೆ ಬಂದ ಕೂಡಲೇ ಒಂದು ಮಾತು ಇದ್ದದ್ದೇ: "ಅಯ್ಯೋ, ತುದಿಯಲ್ಲಿ ನಿಂತವರು ಎಷ್ಟು ದಪ್ಪ ಆಗಿದ್ದಾರೆ!" ಚಿತ್ರ ಬಿಡಿಸಲು ಕಲಿಯುವವರ ನಡುವೆ ಇನ್ನೊಂದು ಮಾತಿದೆ: "ಚೆಂಡು ಯಾವ ಕಡೆಯಿಂದ ನೋಡಿದರೂ ಗುಂಡಗೇ ಇರುತ್ತದೆ. ಹಾಗಾಗಿ ಚಿತ್ರದಲ್ಲೂ ಅದು ವೃತ್ತವೇ." ಈ ಎರಡೂ ಮಾತುಗಳ ಹಿಂದಿರುವ ಲೆಕ್ಕ ಒಂದೇ.

ಚೆಂಡು ಯಾವಾಗಲೂ ವೃತ್ತ: ಇದು ನಿಜವೇ?

ಅರ್ಧ ನಿಜ. ಚೆಂಡಿನ ಕಡೆಗೇ ತಿರುಗಿ ನೋಡಿದಾಗ ಅದರ ಅಂಚು ವೃತ್ತವಾಗಿಯೇ ಕಾಣುತ್ತದೆ. ಆದರೆ ಕಾಗದ ಚಪ್ಪಟೆ, ಅದು ನಮ್ಮ ಕಣ್ಣಿನ ಜೊತೆ ತಿರುಗುವುದಿಲ್ಲ. ಪರ್ಸ್ಪೆಕ್ಟಿವ್ ನಿಯಮದಂತೆ ಬಿಡಿಸಿದರೆ ಚಿತ್ರದ ನಡುವೆ ಇರುವ ಗೋಳ ಮಾತ್ರ ವೃತ್ತವಾಗುತ್ತದೆ. ಪಕ್ಕಕ್ಕೆ ಸರಿದಷ್ಟೂ ಅದು ಹೊರಗಡೆಗೆ ಎಳೆದಂತೆ ದೀರ್ಘವೃತ್ತವಾಗುತ್ತದೆ.

ಇದನ್ನು ತಿಳಿಯಲು ಒಂದು ಟಾರ್ಚ್ ಸಾಕು. ಗೋಡೆಗೆ ನೇರವಾಗಿ ಹಿಡಿದರೆ ಬೆಳಕು ದುಂಡಗೆ ಬೀಳುತ್ತದೆ, ಓರೆಯಾಗಿ ಹಿಡಿದರೆ ಉದ್ದವಾಗುತ್ತದೆ. ಚೆಂಡಿನ ಅಂಚಿನಿಂದ ಕಣ್ಣಿಗೆ ಬರುವ ರೇಖೆಗಳೂ ಟಾರ್ಚ್ ಬೆಳಕಿನಂತೆ ಶಂಕುವಿನ ಆಕಾರದಲ್ಲಿರುತ್ತವೆ. ಕಾಗದ ಆ ಶಂಕುವನ್ನು ಓರೆಯಾಗಿ ಕತ್ತರಿಸಿದರೆ ಸಿಗುವುದು ದೀರ್ಘವೃತ್ತ.

ಎಷ್ಟು ಉದ್ದವಾಗುತ್ತದೆ? ಸಣ್ಣ ಗೋಳ ನಡುವಿನಿಂದ 30 ಡಿಗ್ರಿ ಪಕ್ಕದಲ್ಲಿದ್ದರೆ ಅದರ ಅಗಲಕ್ಕಿಂತ ಸುಮಾರು ಶೇ 15ರಷ್ಟು ಹೆಚ್ಚು ಉದ್ದ. 45 ಡಿಗ್ರಿಗೆ ಶೇ 41. 60 ಡಿಗ್ರಿಗೆ ಸರಿಯಾಗಿ ಎರಡು ಪಟ್ಟು!

ಮನೆಯಲ್ಲೇ ಪರೀಕ್ಷಿಸಿ

ಕಿಟಕಿ ಗಾಜಿನಿಂದ ಒಂದು ಅಡಿ ದೂರ ನಿಲ್ಲಿ. ಒಂದು ಕಣ್ಣು ಮುಚ್ಚಿ. ಹೊರಗೆ, ಪಕ್ಕಕ್ಕೆ ಇಟ್ಟಿರುವ ಚೆಂಡಿನ ಅಂಚನ್ನು ತಲೆ ಅಲುಗಿಸದೆ ಸ್ಕೆಚ್ ಪೆನ್ನಿನಿಂದ ಗಾಜಿನ ಮೇಲೆ ಗುರುತಿಸಿ. ನಂತರ ಆ ಗುರುತಿನ ಎದುರು ಬಂದು ನೋಡಿ, ಅದು ಮೊಟ್ಟೆಯಂತೆ ಉದ್ದವಾಗಿರುತ್ತದೆ. ಮೊದಲಿದ್ದ ಜಾಗದಿಂದಲೇ ನೋಡಿದರೆ ಮತ್ತೆ ದುಂಡಗೆ ಕಾಣುತ್ತದೆ.

ಹಾಗಾದರೆ ರಾಫೆಲ್ ತಪ್ಪು ಮಾಡಿದನೇ?

ವ್ಯಾಟಿಕನ್‌ನ ಗೋಡೆಯ ಮೇಲೆ ರಾಫೆಲ್ ಸುಮಾರು 1509ರಿಂದ 1511ರ ನಡುವೆ ಬಿಡಿಸಿದ 'ಸ್ಕೂಲ್ ಆಫ್ ಅಥೆನ್ಸ್' ಪರ್ಸ್ಪೆಕ್ಟಿವ್‌ಗೆ ಹೆಸರಾದ ಚಿತ್ರ. ಅದರ ಬಲ ತುದಿಯಲ್ಲಿ ಇಬ್ಬರು ಗೋಳಗಳನ್ನು ಹಿಡಿದಿದ್ದಾರೆ. ನಿಯಮದ ಪ್ರಕಾರ ಅವು ದೀರ್ಘವೃತ್ತ ಆಗಬೇಕಿತ್ತು, ಆದರೆ ರಾಫೆಲ್ ವೃತ್ತವನ್ನೇ ಬಿಡಿಸಿದ್ದಾನೆ. ನೋಡುವವರು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲವಲ್ಲ! ಬೇರೆ ಜಾಗದಿಂದ ನೋಡಿದವರಿಗೆ ದೀರ್ಘವೃತ್ತ ಗೋಳದಂತೆ ಕಾಣದೆ ಮೊಟ್ಟೆಯಂತೆ ಕಾಣುತ್ತಿತ್ತು. ಅಂದರೆ ಲೆಕ್ಕಕ್ಕೆ ಸರಿಯಾದದ್ದು ಕಣ್ಣಿಗೆ ಸರಿ ಎನಿಸಲೇಬೇಕೆಂದಿಲ್ಲ.

ಮುಂದಕ್ಕೆ ಚಾಚಿದ ಕೈ ದೊಡ್ಡದಾಗಿ ಕಾಣುವುದೇಕೆ?

ನಮ್ಮ ಕಡೆಗೆ ಚಾಚಿದ ಕೈ, ಕಾಲು ಚಿತ್ರದಲ್ಲಿ ಗಿಡ್ಡವಾಗುವುದನ್ನು ಫೋರ್‌ಶಾರ್ಟನಿಂಗ್ ಎನ್ನುತ್ತಾರೆ. ಹತ್ತಿರದ ಭಾಗ ದೊಡ್ಡದು, ದೂರದ್ದು ಚಿಕ್ಕದು. ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುವುದೂ ಇದರಿಂದಲೇ. ಮೊಬೈಲ್ ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ದು, ಕಿವಿ ಮೂಗಿಗಿಂತ 12 ಸೆಂ.ಮೀ. ಹಿಂದಿದೆ ಎಂದುಕೊಳ್ಳಿ. ಆಗ ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಹಿಗ್ಗುತ್ತದೆ. ಅದೇ ಫೋಟೋವನ್ನು 150 ಸೆಂ.ಮೀ. ದೂರದಿಂದ ತೆಗೆದರೆ 1.08 ಪಟ್ಟು ಮಾತ್ರ. ಮೂಗು ಬದಲಾಗಿಲ್ಲ, ದೂರ ಬದಲಾಗಿದೆ ಅಷ್ಟೇ.

ಚಿತ್ರ ಕಲಿಯುವವರು ಏನು ಮಾಡಬೇಕು?

* ವೃತ್ತ ಬಿಡಿಸಿದ ಮಾತ್ರಕ್ಕೆ ಅದು ಗೋಳವಾಗದು, ಬರೀ ತಟ್ಟೆಯಾಗುತ್ತದೆ. ಬೆಳಕು ನೇರ ಬೀಳುವ ಹೊಳಪಿನ ಚುಕ್ಕೆ, ನಡು ಬಣ್ಣ, ಕಡುನೆರಳು, ಅಂಚಿನ ಬಳಿ ನೆಲದಿಂದ ಮರಳಿ ಬರುವ ಮಂದ ಬೆಳಕು, ನೆಲದ ಮೇಲೆ ಬೀಳುವ ನೆರಳು ಇವು ಐದೂ ಬೇಕು.
* ದೃಶ್ಯವನ್ನು ನಡುವಿನಿಂದ ಎರಡೂ ಕಡೆ 30 ಡಿಗ್ರಿಯೊಳಗೆ ಇಟ್ಟುಕೊಳ್ಳಿ. ಅಷ್ಟರೊಳಗೆ ಗೋಳವನ್ನು ವೃತ್ತವಾಗಿ ಬಿಡಿಸಿದರೂ ಕಣ್ಣಿಗೆ ತೊಂದರೆಯಿಲ್ಲ.
* ಕೈ ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್‌ನಿಂದ ಅಳೆಯಿರಿ. ಚಾಚಿದ ತೋಳು ಅಂಗೈಗಿಂತ ಗಿಡ್ಡವಾಗಿ ಕಂಡರೂ ಅಳತೆಯನ್ನೇ ನಂಬಿ. "ತೋಳು ಉದ್ದ ಇರಬೇಕಲ್ಲ" ಎಂಬ ತಿಳಿವಳಿಕೆಯೇ ಇಲ್ಲಿ ಮೋಸ ಮಾಡುವುದು.
* ತೋಳನ್ನು ಮೊದಲು ಕೊಳವೆಯಂತೆ ಬಿಡಿಸಿ. ಹತ್ತಿರದ ಭಾಗ ಹಿಂದಿನದನ್ನು ಮರೆಮಾಡುವುದನ್ನು ಸ್ಪಷ್ಟವಾಗಿ ತೋರಿಸಿ.

ಗ್ರೂಪ್ ಫೋಟೋ ವಿಷಯಕ್ಕೆ ಬಂದರೆ

ತಲೆಯೂ ಹೆಚ್ಚುಕಡಿಮೆ ಗೋಳವೇ. ಮೊಬೈಲ್‌ನ 0.5 ಎಂದು ತೋರಿಸುವ ಅಲ್ಟ್ರಾವೈಡ್ ಲೆನ್ಸ್‌ನಲ್ಲಿ ಅಂಚಿನವರ ಮುಖ, ಹೊಟ್ಟೆ ಹೊರಗಡೆಗೆ ಎಳೆದಂತಾಗುತ್ತವೆ. ಕೆಲವು ಫೋನ್‌ಗಳು ಇದನ್ನು ಸ್ವಲ್ಪಮಟ್ಟಿಗೆ ತಿದ್ದುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು, 1x ಲೆನ್ಸ್‌ನಲ್ಲಿ, ಅಂಚಿನಲ್ಲಿ ಜಾಗ ಬಿಟ್ಟು ಕ್ಲಿಕ್ಕಿಸಿದರೆ ಸಾಕು.

ಒಟ್ಟಾರೆ: ಗೋಳ ಚಿತ್ರದಲ್ಲಿ ಯಾವಾಗಲೂ ವೃತ್ತ ಎಂಬುದು ಪೂರ್ತಿ ನಿಜವಲ್ಲ. ಮುಂದಿನ ಸಲ ತುದಿಯಲ್ಲಿ ನಿಂತ ಅತ್ತೆಯನ್ನೋ ಗೆಳತಿಯನ್ನೋ "ದಪ್ಪ ಆಗಿದ್ದೀರಿ" ಎಂದು ಆಡಿಕೊಳ್ಳುವ ಮೊದಲು ನೆನಪಿಡಿ: ದಪ್ಪ ಮಾಡಿದ್ದು ಊಟವಲ್ಲ, ಲೆನ್ಸ್ ಇರಬಹುದು.