ಮಲೇಬೆನ್ನೂರಿನಿಂದ ಹೊರಟ ಪ್ರೇಮಕಥೆ, ಮರೆಗೆ ಸರಿದ ಮುಖಗಳು

ದಾವಣಗೆರೆಯಲ್ಲಿ ಅಶೋಕ ಟಾಕೀಸ್ ಅಂದರೆ ಸಿನಿಮಾಕ್ಕಿಂತ ಮೊದಲು ನೆನಪಾಗುವುದು ರೈಲ್ವೆ ಗೇಟು. ಒಮ್ಮೆ ಆ ಗೇಟು ಹಾಕಿದ್ದಾಗ ಬೈಕ್ ಆಫ್ ಮಾಡಿ ನಿಂತಿದ್ದೆವು. ನಮ್ಮ ಗುಂಪಿನ ಗೆಳೆಯನೊಬ್ಬ ಹಿಂದಿನ ರಾತ್ರಿ ಮೊಬೈಲಿನಲ್ಲಿ 'ಕಾಸಾಬ್ಲಾಂಕಾ' ನೋಡಿದ್ದ. 1942ರ ಹಾಲಿವುಡ್ ಚಿತ್ರ. ನಾಯಕ ತಾನು ಪ್ರೀತಿಸಿದವಳನ್ನು ಕೊನೆಗೆ ಅವಳ ಗಂಡನ ಜೊತೆ ವಿಮಾನ ಹತ್ತಿಸಿ ಕಳಿಸುತ್ತಾನೆ. "ಇಂಥ ಪ್ರೇಮಕಥೆ ನಮ್ಮ ಕಡೆ ಎಲ್ಲೈತಿ ಬಿಡಪ್ಪ" ಅಂದ. ರೈಲು ಹೋಯಿತು, ಗೇಟು ತೆಗೆದರು, ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಯಾಕೆಂದರೆ ಅಂಥದ್ದು ನಮ್ಮಲ್ಲಿದೆ. ಅದನ್ನು ಬರೆದವರು ಹುಟ್ಟಿದ್ದು ಪಕ್ಕದ ಹರಿಹರ ತಾಲ್ಲೂಕಿನಲ್ಲೇ.

ಹರಿಹರದಿಂದ ಹೊನ್ನಾಳಿ ಕಡೆ ಬಸ್ಸು ಹತ್ತಿದರೆ ಭದ್ರಾ ಕಾಲುವೆಯ ಗದ್ದೆಗಳ ನಡುವೆ ಮಲೇಬೆನ್ನೂರು ಸಿಗುತ್ತದೆ. ತ.ರಾ.ಸು. ಎಂದೇ ಹೆಸರಾದ ತ.ರಾ. ಸುಬ್ಬರಾವ್ 1920ರ ಏಪ್ರಿಲ್‌ನಲ್ಲಿ ಹುಟ್ಟಿದ್ದು ಅಲ್ಲಿ. ಮನೆತನ ಚಳ್ಳಕೆರೆ ಕಡೆಯ ತಳುಕಿನದು. ಆಗ ದಾವಣಗೆರೆ, ಹರಿಹರ ಎಲ್ಲ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ನಮ್ಮದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ತ.ರಾ.ಸು. ದುರ್ಗದವರೋ ನಮ್ಮವರೋ ಎಂದು ಜಗಳ ಆಡುವುದರಲ್ಲಿ ಅರ್ಥವಿಲ್ಲ. ಆದರೂ ಹುಟ್ಟಿದ ಊರು ನಮ್ಮದು, ಅಷ್ಟು ಹೆಮ್ಮೆ ಇರಲಿ.

ಅವರ 'ಹಂಸಗೀತೆ' ಕಾದಂಬರಿ ಕನ್ನಡ ಪರದೆಗಿಂತ ಮೊದಲು ಬೊಂಬಾಯಿಗೆ ಹೋಯಿತು. 1956ರ ಹಿಂದಿ ಚಿತ್ರ 'ಬಸಂತ್ ಬಹಾರ್'ಗೆ ಮೂಲ ಅದೇ. ಭರತ್ ಭೂಷಣ್ ಮತ್ತು ನಿಮ್ಮಿ ಅದರ ಜೋಡಿ. ಕನ್ನಡದಲ್ಲಿ ಜಿ.ವಿ. ಅಯ್ಯರ್ ಅದನ್ನು ತೆಗೆದದ್ದು 1975ರಲ್ಲಿ, ಅನಂತ್ ನಾಗ್ ಅವರನ್ನು ಹಾಕಿಕೊಂಡು.

ಜನರ ಬಾಯಲ್ಲಿ ಉಳಿದದ್ದು ಮಾತ್ರ 'ನಾಗರಹಾವು'. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. 1972ರ ಡಿಸೆಂಬರ್ ಕೊನೆಗೆ ತೆರೆ ಕಂಡಿತು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಪರದೆಗೆ ಬಂದದ್ದು ಇದರಿಂದಲೇ. ಇಷ್ಟು ಎಲ್ಲರಿಗೂ ಗೊತ್ತು. ಬ್ಯಾನರ್ ಕಟ್ಟುವುದೂ ಹಾಲೆರೆಯುವುದೂ ಇವರಿಬ್ಬರಿಗೇ. ನಾವು ಹೇಳಬೇಕೆಂದಿರುವುದು ಉಳಿದವರ ಬಗ್ಗೆ.

ಶಿವರಾಂ ಅವರ ವರದನನ್ನೇ ತೆಗೆದುಕೊಳ್ಳಿ. ತಂಗಿ ಅಲಮೇಲುವನ್ನು ಜಲೀಲ ಚುಡಾಯಿಸುತ್ತಾನೆ, ಇವನಿಗೆ ಎದುರಿಸುವ ಧೈರ್ಯವಿಲ್ಲ. ರಾಮಾಚಾರಿಯ ಕೈಕಾಲು ಹಿಡಿಯುತ್ತಾನೆ, ತಂಗಿಯನ್ನು ನಿನಗೇ ಕೊಡುತ್ತೇನೆ ಅನ್ನುತ್ತಾನೆ. ಹೊತ್ತು ಬಂದಾಗ ಮನೆಯವರಿಗೆ ಹೆದರಿ ಮಾತು ನುಂಗುತ್ತಾನೆ. ಅವನು ಕೆಟ್ಟವನಲ್ಲ, ಪುಕ್ಕಲ. ನಮ್ಮ ಊರುಗಳಲ್ಲಿ ಎಷ್ಟು ಪ್ರೀತಿಗಳು ಖಳನಾಯಕರಿಂದಲ್ಲ, ಇಂಥ ಪುಕ್ಕಲರಿಂದ ಮುರಿದಿವೆ ಎಂದು ನಿಮಗೇ ಗೊತ್ತಿದೆ. ಶಿವರಾಂ ಅವರನ್ನು ಹಾಸ್ಯನಟ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅವರು ತಮ್ಮ ರಾಶಿ ಬ್ರದರ್ಸ್ ಸಂಸ್ಥೆಯಿಂದ 'ಗೆಜ್ಜೆ ಪೂಜೆ'ಯಂಥ ಚಿತ್ರಕ್ಕೆ ದುಡ್ಡು ಹಾಕಿದವರು. 2021ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇನ್ನು ಚಾಮಯ್ಯ ಮೇಷ್ಟ್ರು, ಕೆ.ಎಸ್. ಅಶ್ವಥ್. ಅವರನ್ನು ಯಾರೂ ಮರೆತಿಲ್ಲ, ಸರಿ. ಆದರೆ ನಾವು ಅವರನ್ನು ಗುರುಭಕ್ತಿಯ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ, ಪ್ರೇಮಕಥೆಯ ಲೆಕ್ಕಕ್ಕಲ್ಲ. 'ಕಾಸಾಬ್ಲಾಂಕಾ'ದಲ್ಲಿ ಹಂಫ್ರಿ ಬೋಗಾರ್ಟ್ ತಾನೇ ಯೋಚಿಸಿ ಪ್ರೀತಿ ಬಿಟ್ಟುಕೊಡುತ್ತಾನೆ. ಇಲ್ಲಿ ಬಿಟ್ಟುಬಿಡು ಎಂದು ಕೇಳುವವರು ಮೇಷ್ಟ್ರು. ಮಗನಂತೆ ಕಂಡವರೇ ಕೇಳಿದರೆ ಹುಡುಗ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕು? ಅಶ್ವಥ್ ದನಿ ಏರಿಸುವುದೇ ಇಲ್ಲ, ಮೆತ್ತಗೆ ಕೇಳುತ್ತಾರೆ. ಅವರು ಗದರಿದ್ದರೆ ರಾಮಾಚಾರಿ ಎದುರು ನಿಲ್ಲುತ್ತಿದ್ದನೇನೋ.

ಹಾಲಿವುಡ್ಡಿನಲ್ಲೂ ಇದೇ ಅನ್ಯಾಯ. 'ಕಾಸಾಬ್ಲಾಂಕಾ' ಅಂದರೆ ಬೋಗಾರ್ಟ್, ಇನ್‌ಗ್ರಿಡ್ ಬರ್ಗ್‌ಮನ್. ಗಂಡನ ಪಾತ್ರ ಮಾಡಿದ ಪಾಲ್ ಹೆನ್ರೀಡ್ ಹೆಸರು ಎಷ್ಟು ಜನ ಹೇಳುತ್ತಾರೆ? ಆ ಗಂಡ ಗೌರವಕ್ಕೆ ತಕ್ಕವನಂತೆ ಕಾಣದಿದ್ದರೆ ನಾಯಕನ ತ್ಯಾಗ ಬರೀ ಪೆದ್ದುತನ ಆಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಮರೆಗೆ ಸರಿದವರು ಶುಭಾ, ಮಾರ್ಗರೆಟ್ ಪಾತ್ರದವರು. ಅಲಮೇಲುವಾಗಿ ಆರತಿಯವರಿಗೆ ಹಾಡಿದೆ, ಕಣ್ಣೀರಿದೆ, ನೋಡುವವರ ಮರುಕವೂ ಇದೆ. ಮಾರ್ಗರೆಟ್ ಕ್ರಿಶ್ಚಿಯನ್ ಹುಡುಗಿ, ನೆಟ್ಟಗೆ ಮಾತಾಡುವವಳು. ಮೊದಲು ಜಗಳ, ಆಮೇಲೆ ಪ್ರೀತಿ. ಎರಡೂ ಕಡೆಯವರು ಬೇಡವೆಂದಾಗ ಅವಳು ಹಿಂದೆ ಸರಿಯುವುದಿಲ್ಲ. ದುರ್ಗದ ಬೆಟ್ಟದ ಮೇಲೆ ಕೊನೆಯವರೆಗೂ ರಾಮಾಚಾರಿಯ ಜೊತೆ ನಿಂತವಳು ಅವಳೊಬ್ಬಳೇ. 1972ರ ತೆರೆಯ ಮೇಲೆ ಇಂಥ ಹುಡುಗಿಯನ್ನು ಅಳಿಸದೆ, ಅಂಗಲಾಚಿಸದೆ ನಿಲ್ಲಿಸುವುದು ಸುಲಭವಿರಲಿಲ್ಲ. 1974ರಲ್ಲಿ ಪುಟ್ಟಣ್ಣನವರೇ ಇದನ್ನು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಎಂದು ತೆಗೆದಾಗ ರಿಷಿ ಕಪೂರ್, ನೀತು ಸಿಂಗ್ ಇದ್ದರು. ನಮ್ಮ ಕಣ್ಣಿಗೆ ಶುಭಾ ಅವರದ್ದೇ ಒಂದು ಕೈ ಮೇಲು.

ತ.ರಾ.ಸು. ಅವರಿಗೆ ಸಿನಿಮಾ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಬೇಸರಪಟ್ಟದ್ದು ಪ್ರಸಿದ್ಧ. ನಾವು ಇಲ್ಲಿ ಕಾದಂಬರಿಕಾರರ ಕಡೆಗೂ ಇಲ್ಲ, ನಿರ್ದೇಶಕರ ಕಡೆಗೂ ಇಲ್ಲ. ಪುಸ್ತಕ ಓದಿ, ಸಿನಿಮಾ ನೋಡಿ, ಆಮೇಲೆ ನೀವೇ ಹೇಳಿ.

ಪುಟ್ಟಣ್ಣನವರ ಕಡೆಯ ಚಿತ್ರವೂ ತ.ರಾ.ಸು. ಕಾದಂಬರಿಯೇ, 'ಮಸಣದ ಹೂವು'. ಅಷ್ಟರಲ್ಲಿ ತ.ರಾ.ಸು. ಇರಲಿಲ್ಲ, 1984ರಲ್ಲಿ ಹೋಗಿದ್ದರು. ಚಿತ್ರ ಮುಗಿಯುವ ಮೊದಲೇ, 1985ರ ಜೂನ್‌ನಲ್ಲಿ ಪುಟ್ಟಣ್ಣನವರೂ ಹೋದರು. ಕೆ.ಎಸ್.ಎಲ್. ಸ್ವಾಮಿ ಅದನ್ನು ಮುಗಿಸಿದರು. ಅಂಬರೀಶ್, ಜಯಂತಿ ಅವರ ಜೊತೆ ಅದರಲ್ಲಿ ಒಬ್ಬ ಹೊಸ ಹುಡುಗಿ ಇದ್ದಳು, ಅಪರ್ಣಾ. ನಮ್ಮ ವಯಸ್ಸಿನವರಿಗೆ ಅವರು ಟಿವಿಯ ನಿರೂಪಕಿ, 'ಮಜಾ ಟಾಕೀಸ್'ನ ವರಲಕ್ಷ್ಮಿ. 2024ರ ಜುಲೈನಲ್ಲಿ ತೀರಿಕೊಂಡರು. ನಮ್ಮೂರಿನ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಮೆಟ್ರೋ ಹತ್ತಿದಾಗ, ಮುಂದಿನ ನಿಲ್ದಾಣ ಯಾವುದು ಎಂದು ಕನ್ನಡದಲ್ಲಿ ಹೇಳಿದ ದನಿ ಅವರದ್ದು.